ಕೋಟು ಹಾಕಿದ ಮಾಂತ್ರಿಕನನ್ನು ಬಿಡಿ, ಒಂಬತ್ತನೇ ಪುಟ ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಒಂದು ಲೇಖನ ಬಂದಿತ್ತು. ಇಂಗ್ಲಿಷ್ ಕಾಮಿಕ್ಸ್ ಓದಿ, ಮೊಬೈಲ್‌ನಲ್ಲಿ ಸೀರೀಸ್ ನೋಡಿ ನಮ್ಮ ಹುಡುಗರು ಮಾಟ ಮಂತ್ರದ ಕಡೆ ವಾಲುತ್ತಿದ್ದಾರೆ ಅಂತ ಅದರಲ್ಲಿ ಬರೆದಿದ್ದರು. ಜಾನ್ ಕಾನ್‌ಸ್ಟಂಟೈನ್ ಅನ್ನೋ ಕಾಮಿಕ್ಸ್ ಮಾಂತ್ರಿಕನ ಹೆಸರು ಎರಡು ಕಡೆ ಇತ್ತು. ‘ದೆವ್ವಗಳ ಆರಾಧಕ’ ಅಂತ ಅವನನ್ನು ಕರೆದಿದ್ದರು. ಪಕ್ಕದಲ್ಲಿ ಅವನ ಚಿತ್ರವೂ ಇತ್ತು. ಅದನ್ನು ನೋಡಿದ ಮೇಲೆ ನನಗೆ ಸುಮ್ನೆ ಇರೋಕೆ ಆಗಲಿಲ್ಲ. ನಾಲ್ಕು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಕೂತು ಈ ಪತ್ರ ಬರೆದಿದ್ದೇನೆ. ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಮಂಡ್ಯದ ಗುತ್ತಲು ರಸ್ತೆಯಲ್ಲಿ ಬಟ್ಟೆ ಹೊಲಿಯುವವಳು. ಬ್ಲೌಸು, ಚೂಡಿದಾರ, ಜೂನ್ ಬಂದರೆ ಶಾಲೆ ಯೂನಿಫಾರಂ. ಓದಿದ್ದು ಪಿಯುಸಿ. ಕಾಮಿಕ್ಸ್ ಅಂದರೆ ಚಿಕ್ಕವಳಿದ್ದಾಗ ಅಣ್ಣ ಬಾಡಿಗೆಗೆ ತರುತ್ತಿದ್ದ ಇಂದ್ರಜಾಲ ಕಾಮಿಕ್ಸ್ ಅಷ್ಟೇ ಗೊತ್ತಿತ್ತು. ಅದರಲ್ಲಿ ಮ್ಯಾಂಡ್ರೇಕ್ ಬರುತ್ತಿದ್ದ. ತಲೆ ಮೇಲೆ ಉದ್ದ ಟೋಪಿ, ಬೆನ್ನಿಗೆ ನಿಲುವಂಗಿ, ಬಟ್ಟೆಯಲ್ಲಿ ಒಂದು ಸುಕ್ಕು ಇರುತ್ತಿರಲಿಲ್ಲ. ಕೈ ಹೀಗೆ ಬೀಸಿದರೆ ಕಳ್ಳನ ಪಿಸ್ತೂಲು ಬಾಳೆಹಣ್ಣಿನ ಥರ ಕಾಣುತ್ತಿತ್ತು. ಮಾಂತ್ರಿಕ ಅಂದರೆ ಹಾಗೇ ಇರಬೇಕು ಅಂತ ಬಹಳ ವರ್ಷ ಅಂದುಕೊಂಡಿದ್ದೆ.

ಕಾನ್‌ಸ್ಟಂಟೈನ್‌ನನ್ನು ನನಗೆ ತೋರಿಸಿದ್ದು ನನ್ನ ಮಗ. ಆಗ ಅವನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದ. ದರ್ಜಿಯ ಕಣ್ಣು ಮೊದಲು ಹೋಗುವುದು ಬಟ್ಟೆ ಮೇಲೆ, ಅಲ್ವಾ? ಮಾಸಿದ ಮಣ್ಣಿನ ಬಣ್ಣದ ಉದ್ದ ಕೋಟು. ಭುಜದ ಮೇಲೆ ಪಟ್ಟಿ, ಸೊಂಟಕ್ಕೆ ಬೆಲ್ಟು, ಆದರೆ ಆ ಬೆಲ್ಟನ್ನು ಕಟ್ಟಿಲ್ಲ, ಸುಮ್ನೆ ನೇತಾಡುತ್ತಿದೆ. ಬಿಳಿ ಶರ್ಟಿನ ಮೇಲಿನ ಗುಂಡಿ ಬಿಚ್ಚಿದೆ. ಟೈ ಇದೆ, ಗಂಟು ಎದೆಗೆ ಇಳಿದಿದೆ. ಮೊಣಕೈ ಹತ್ತಿರ ಬಟ್ಟೆ ಮಡಿಕೆ ಬಿದ್ದಿದೆ. ನಿದ್ದೆ ಇಲ್ಲದೆ ಅದೇ ಬಟ್ಟೆಯಲ್ಲಿ ಎರಡು ದಿನ ಓಡಾಡಿದವರ ತೋಳು ಹಾಗೆ ಆಗುತ್ತದೆ. ಆಸ್ಪತ್ರೆ ಕಾರಿಡಾರಿನಲ್ಲಿ ಅಂಥ ತೋಳುಗಳನ್ನು ಆಗ ದಿನಾ ನೋಡುತ್ತಿದ್ದೆ. ಸೂಪರ್‌ಹೀರೋಗಳ ಬಟ್ಟೆ ಮೈಗೆ ಅಂಟಿಕೊಂಡಿರುತ್ತದೆ, ಹೊಲಿಗೆ ಎಲ್ಲಿದೆ ಅಂತಾನೇ ಗೊತ್ತಾಗುವುದಿಲ್ಲ. ಇವನ ಕೋಟಿನಲ್ಲಿ ಹೊಲಿಗೆ ಕಾಣುತ್ತದೆ.

ಇವನು ಮೊದಲು ಕಾಣಿಸಿಕೊಂಡಿದ್ದು 1985ರಲ್ಲಿ, ಅಮೆರಿಕದ ಡಿಸಿ ಕಂಪನಿಯ ‘ಸ್ವಾಂಪ್ ಥಿಂಗ್’ ಕಾಮಿಕ್ಸ್‌ನ 37ನೇ ಸಂಚಿಕೆಯಲ್ಲಿ. ಬರೆದವರು ಇಂಗ್ಲೆಂಡಿನ ಅಲನ್ ಮೂರ್. ಚಿತ್ರ ಬಿಡಿಸುವವರಿಗೆ ಸ್ಟಿಂಗ್ ಎಂಬ ಹಾಡುಗಾರನ ಮುಖದ ಪಾತ್ರವೊಂದನ್ನು ಬಿಡಿಸುವ ಆಸೆ ಇತ್ತಂತೆ, ಅದರಿಂದ ಇವನು ಹುಟ್ಟಿದ. ಊರು ಲಿವರ್‌ಪೂಲ್. ಅರಮನೆ ಇಲ್ಲ, ಆಳುಕಾಳು ಇಲ್ಲ. ಕೂಲಿ ಮಾಡಿ ಬದುಕುವ ಜನರ ಮನೆಯ ಹುಡುಗ. ಆಮೇಲೆ 1988ರಿಂದ 2013ರವರೆಗೆ ‘ಹೆಲ್‌ಬ್ಲೇಜರ್’ ಅಂತ ಅವನದೇ ಪುಸ್ತಕ ನಡೆಯಿತು. ಒಟ್ಟು 300 ಸಂಚಿಕೆ. ಆ ಪುಸ್ತಕದಲ್ಲಿ ಅವನಿಗೆ ನಮ್ಮ ಹಾಗೇ ವಯಸ್ಸಾಗುತ್ತಾ ಹೋಗುತ್ತದೆ. ಬೇರೆ ಹೀರೋಗಳು ಐವತ್ತು ವರ್ಷವಾದರೂ ಮೂವತ್ತರ ಹುಡುಗರಾಗೇ ಇರುತ್ತಾರೆ. ಇವನು ಹಾಗಲ್ಲ.

ನಿಮ್ಮ ಲೇಖಕರು ಒಂದು ಮಾತು ಸರಿಯಾಗಿ ಹೇಳಿದ್ದಾರೆ. ಅದು ಚಿಕ್ಕ ಮಕ್ಕಳ ಪುಸ್ತಕ ಅಲ್ಲ. ಡಿಸಿಯವರೇ 1993ರಿಂದ ಅದನ್ನು ದೊಡ್ಡವರಿಗಾಗಿಯೇ ಇರುವ ವರ್ಟಿಗೊ ಹೆಸರಿನಲ್ಲಿ ತಂದರು. ಹತ್ತು ವರ್ಷದ ಮಗುವಿಗೆ ಅದನ್ನು ಕೊಡಿ ಅಂತ ನಾನೂ ಹೇಳುವುದಿಲ್ಲ. ಆದರೆ ಅವನು ದೆವ್ವಗಳನ್ನು ಪೂಜಿಸುತ್ತಾನೆ ಅನ್ನುವುದು ಸುಳ್ಳು. ಅವನು ಅವುಗಳ ಜೊತೆ ಜಗಳ ಆಡುತ್ತಾನೆ, ಚೌಕಾಸಿ ಮಾಡುತ್ತಾನೆ, ಮೋಸ ಮಾಡುತ್ತಾನೆ. ಒಂದಕ್ಕೂ ಕೈ ಮುಗಿಯುವುದಿಲ್ಲ.

ಈಗ ನಮ್ಮ ಮನೆ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯವರು ಲಾರಿ ಡ್ರೈವರ್. ಕಬ್ಬಿನ ಸೀಸನ್‌ನಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು, ಉಳಿದ ತಿಂಗಳು ಸಿಕ್ಕಿದ ಲೋಡು. ರಾತ್ರಿ ನಿದ್ದೆ ತಡೆಯೋಕೆ ಅಂತ ಬೀಡಿ ಕಲಿತವರು, ಬಿಡಲೇ ಇಲ್ಲ. 2018ರ ದಸರಾ ಮುಗಿದ ಮೇಲೆ ಕೆಮ್ಮಿನಲ್ಲಿ ರಕ್ತ ಬಂತು. ಶ್ವಾಸಕೋಶದ ಕ್ಯಾನ್ಸರ್ ಅಂತ ಹೇಳಿದರು. ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೀಮೋ ಶುರುವಾಯಿತು. ಮಂಡ್ಯದಿಂದ ಬೆಳಗಿನ ರೈಲಿಗೆ ಹೋಗಿ ರಾತ್ರಿ ಬರುತ್ತಿದ್ದೆವು. ಜಾಸ್ತಿ ಸುಸ್ತಾದಾಗ ಅಡ್ಮಿಟ್.

ಹಾಸಿಗೆ ಪಕ್ಕ ಕೂತು ಹೊತ್ತು ಕಳೆಯುವುದು ಎಷ್ಟು ಕಷ್ಟ ಅಂತ ಕೂತವರಿಗೆ ಗೊತ್ತು. ಟಿವಿ ಇರಲಿಲ್ಲ. ಅವರಿಗೆ ಪೇಪರ್ ಓದೋಕೂ ತಲೆ ಸುತ್ತುತ್ತಿತ್ತು. ಮಗ ಮೊಬೈಲ್ ಹಿಡಿದು ಕೂತಿದ್ದ. ‘ಏನ್ಲಾ ಅದು, ಯಾವಾಗ್ಲೂ ನೋಡ್ತಿರ್ತೀಯ’ ಅಂದರು. ಅವನು ಪರದೆ ತಿರುಗಿಸಿ ಆ ಕೋಟಿನವನನ್ನು ತೋರಿಸಿದ. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 2014ರ ಅಕ್ಟೋಬರ್‌ನಿಂದ 2015ರ ಫೆಬ್ರವರಿವರೆಗೆ ಬಂದ ಸೀರಿಯಲ್ ಅದು. ಮ್ಯಾಟ್ ರಯಾನ್ ಅನ್ನೋ ವೇಲ್ಸ್ ದೇಶದ ನಟ ಆ ಪಾತ್ರ ಮಾಡಿದ್ದಾರೆ. 13 ಕಂತಿಗೇ ನಿಲ್ಲಿಸಿಬಿಟ್ಟರು. ಆದರೆ ಜನ ಆ ನಟನನ್ನು ಬಿಡಲಿಲ್ಲ. ಅದೇ ವರ್ಷ ಕೊನೆಯಲ್ಲಿ ‘ಆ್ಯರೋ’ ಸೀರಿಯಲ್‌ಗೆ ಅದೇ ಪಾತ್ರವಾಗಿ ಬಂದರು, ಆಮೇಲೆ ‘ಲೆಜೆಂಡ್ಸ್ ಆಫ್ ಟುಮಾರೊ’ದಲ್ಲಿ ಖಾಯಂ ಆದರು. 2005ರಲ್ಲಿ ಕಿಯಾನು ರೀವ್ಸ್ ಮಾಡಿದ ಸಿನಿಮಾವೂ ಇದೆ. ಅದರಲ್ಲಿ ಕೂದಲೂ ಕಪ್ಪು, ಕೋಟೂ ಕಪ್ಪು, ಊರು ಲಾಸ್ ಏಂಜಲೀಸ್. ಮಗನಿಗೆ ಅದು ಸೇರುವುದಿಲ್ಲ, ನನಗೂ ಅಷ್ಟೇ.

ಇಂಗ್ಲಿಷ್ ಅವರಿಗೆ ಅರ್ಥ ಆಗುತ್ತಿರಲಿಲ್ಲ. ಅದಕ್ಕೆ ಮಗ ಮೊಬೈಲ್ ಪಕ್ಕಕ್ಕಿಟ್ಟು ಕತೆ ಹೇಳೋಕೆ ಶುರು ಮಾಡಿದ. ಕನ್ನಡದಲ್ಲಿ, ನಮ್ಮ ಮಂಡ್ಯದ ಮಾತಿನಲ್ಲಿ. ಹೆಸರು ಇವರ ಬಾಯಲ್ಲಿ ನಿಲ್ಲಲಿಲ್ಲ, ಕಾನ್‌ಸ್ಟೇಬಲ್ ಆಯಿತು. ‘ಆ ಕಾನ್‌ಸ್ಟೇಬಲ್ ಕತೆ ಹೇಳ್ಲಾ’ ಅನ್ನುತ್ತಿದ್ದರು. ಆ ಮಾಂತ್ರಿಕನ ಗೆಳೆಯ ಚಾಸ್ ಲಂಡನ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ ಅಂದಾಗ ದಿಂಬಿಗೆ ಒರಗಿ ಎದ್ದು ಕೂತರು. ಡ್ರೈವರ್ ಅಲ್ವಾ.

ನಮ್ಮ ಮನೆಯವರ ಊರು ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆ. ಮಂಟೇಸ್ವಾಮಿ ಒಕ್ಕಲು. ಚಿಕ್ಕಂದಿನಿಂದ ಚಿಕ್ಕಲ್ಲೂರು ಜಾತ್ರೆಗೆ ಹೋಗಿ ನೀಲಗಾರರ ಪದ ಕೇಳಿ ಬೆಳೆದವರು. ತಂಬೂರಿ, ತಾಳ, ರಾತ್ರಿ ಇಡೀ ಕತೆ. ಮಂಟೇಸ್ವಾಮಿ ನೋಡೋಕೆ ಅಸಹ್ಯವಾಗುವ ರೂಪದಲ್ಲಿ ಕಲ್ಯಾಣಕ್ಕೆ ಹೋಗಿ ಶರಣರನ್ನು ಪರೀಕ್ಷೆ ಮಾಡಿದ ಕತೆ. ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳಲು ಹೋಗಿ ಸಿದ್ದಪ್ಪಾಜಿ ಪಟ್ಟ ಪಾಡಿನ ಕತೆ. ಅದರಲ್ಲಿ ಪವಾಡ ಇಲ್ಲವಾ? ಹೆಜ್ಜೆಗೊಂದು ಪವಾಡ. ಅದನ್ನು ಕೇಳಿ ಯಾರಾದರೂ ಬೆಳಗ್ಗೆ ಎದ್ದು ಪವಾಡ ಮಾಡಲು ಹೊರಟರಾ? ಕೇಳಿ, ಕಣ್ಣೊರೆಸಿಕೊಂಡು, ಸಾಲುಪಂಕ್ತಿಯಲ್ಲಿ ಉಂಡು ಊರಿಗೆ ಬರುತ್ತಾರೆ. ಹಾಗೆ ಕತೆ ಕೇಳಿ ರೂಢಿ ಇದ್ದ ಮನುಷ್ಯ ಇವರು. ಮಗ ನಿಲ್ಲಿಸಿದ ಕಡೆಯೆಲ್ಲ ‘ಆಮೇಕೆ?’ ಅನ್ನುತ್ತಿದ್ದರು.

ಮೊದಲು ಹೇಳಿದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್ ಅನ್ನೋ ಊರಲ್ಲಿ ನಡೆದ ಕತೆ. ಹರೆಯದಲ್ಲಿ ಕಾನ್‌ಸ್ಟಂಟೈನ್‌ಗೆ ನಾನೇ ದೊಡ್ಡ ಮಂತ್ರವಾದಿ ಅನ್ನೋ ಜಂಬ. ಆಸ್ಟ್ರಾ ಅನ್ನೋ ಪುಟ್ಟ ಹುಡುಗಿಯನ್ನು ಕಾಪಾಡಲು ಗೆಳೆಯರನ್ನು ಕಟ್ಟಿಕೊಂಡು ಹೋಗುತ್ತಾನೆ. ಒಂದು ಪಿಶಾಚಿಯನ್ನು ಹೊಡೆಯಲು ಇನ್ನೊಂದನ್ನು ಕರೆಯುತ್ತಾನೆ. ಬಂದಿದ್ದು ಕೈಮೀರಿ ಹೋಗುತ್ತದೆ. ಆ ಮಗುವನ್ನು ನರಕಕ್ಕೆ ಎಳೆದುಕೊಂಡು ಹೋಗುತ್ತದೆ. ಇವನು ಕೈ ಹಿಡಿದೇ ಇದ್ದ, ಮಗು ಉಳಿಯಲಿಲ್ಲ. ಆಮೇಲೆ ಅವನಿಗೆ ತಲೆ ಕೆಟ್ಟು ರೇವನ್‌ಸ್ಕಾರ್ ಅನ್ನೋ ಹುಚ್ಚಾಸ್ಪತ್ರೆ ಸೇರುತ್ತಾನೆ. ಸೀರಿಯಲ್ ಶುರುವಾಗುವುದೂ ಆ ಆಸ್ಪತ್ರೆಯಿಂದಲೇ. ಮಂತ್ರ ಕಲಿತರೆ ಮಜಾ ಅಂತ ಹೇಳುವ ಕತೆ ಇಲ್ಲಿಂದ ಶುರುವಾಗುತ್ತದಾ, ಹೇಳಿ.

ಒಂದು ಕಂತನ್ನು ನಾನೂ ಮಗನ ಪಕ್ಕ ಕೂತು ನೋಡಿದೆ, ನಾಲ್ಕನೆಯದು. ಗ್ಯಾರಿ ಅನ್ನೋ ಹಳೇ ಗೆಳೆಯ, ಡ್ರಗ್ಸ್ ಚಟಕ್ಕೆ ಬಿದ್ದವನು, ಹಸಿವಿನ ಭೂತವನ್ನು ಬಿಟ್ಟುಬಿಟ್ಟಿರುತ್ತಾನೆ. ಅದು ಹೊಕ್ಕವರು ಕಂಡಿದ್ದೆಲ್ಲ ತಿಂದು ಸಾಯುತ್ತಾರೆ. ಅದನ್ನು ಹಿಡಿಯಲು ಒಂದೇ ದಾರಿ. ಜೀವ ಇರುವ ಒಬ್ಬ ಮನುಷ್ಯನ ಮೈಯಲ್ಲೇ ಅದನ್ನು ಕೂಡಿಹಾಕಬೇಕು. ಕಾನ್‌ಸ್ಟಂಟೈನ್ ತನ್ನ ಗೆಳೆಯನ ಮೈಯಲ್ಲೇ ಕೂಡಿಹಾಕುತ್ತಾನೆ. ಕೊನೆಗೆ ಆ ಗೆಳೆಯ ನರಳುತ್ತಾ ಬಿದ್ದಿದ್ದರೆ ಇವನು ಅಲ್ಲೇ ಕೂತಿರುತ್ತಾನೆ. ಎದ್ದು ಹೋಗುವುದಿಲ್ಲ. ನನಗೆ ಆ ದೃಶ್ಯ ಪೂರ್ತಿ ನೋಡಲು ಆಗಲಿಲ್ಲ. ಪಕ್ಕದ ಹಾಸಿಗೆಯಲ್ಲಿ ನಮ್ಮವರು ಮಲಗಿದ್ದರು.

ಕ್ಯಾನ್ಸರ್ ಕತೆಯನ್ನು ಮಗ ಬೇಕಂತಲೇ ಹೇಳಿರಲಿಲ್ಲ. ಇವರೇ ಕೇಳಿದರು. ‘ಆ ಕಾನ್‌ಸ್ಟೇಬಲ್ ಬಾಯಲ್ಲಿ ಯಾವಾಗ್ಲೂ ಸಿಗರೇಟು ಇರ್ತದಲ್ಲ, ಅವ್ನಿಗೇನೂ ಆಗಲ್ವಾ?’ ಟಿವಿ ಸೀರಿಯಲ್‌ನಲ್ಲಿ ಅವನು ಸೇದುವುದನ್ನು ಚಾನೆಲ್‌ನವರು ಹೆಚ್ಚು ತೋರಿಸಲು ಬಿಡಲಿಲ್ಲ, ಕಡ್ಡಿ ಗೀರುವುದು, ಆರಿಸುವುದು ಅಷ್ಟೇ. ಪುಸ್ತಕದಲ್ಲಿ ಹಾಗಲ್ಲ. ಒಂದಾದ ಮೇಲೊಂದು ಸೇದುತ್ತಲೇ ಇರುತ್ತಾನೆ. ಅದಕ್ಕೆ ತಕ್ಕದ್ದೂ ಆಗುತ್ತದೆ. 1991ರಲ್ಲಿ ಗಾರ್ತ್ ಎನಿಸ್ ಬರೆದ ಕತೆಯಲ್ಲಿ ಅವನಿಗೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಮಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಇವರು ‘ಹೇಳು’ ಅಂದರು.

ಹೇಳಿದ. ಎಷ್ಟು ಮಂತ್ರ ಬಂದರೇನು, ಆ ರೋಗಕ್ಕೆ ಅವನ ಹತ್ತಿರ ಒಂದು ಮಂತ್ರವೂ ಇಲ್ಲ. ರಕ್ತ ಕೆಮ್ಮುತ್ತಾನೆ. ಆಸ್ಪತ್ರೆಯಲ್ಲಿ ಅದೇ ರೋಗದ ಒಬ್ಬ ಮುದುಕನ ಪರಿಚಯ ಆಗುತ್ತದೆ, ಹೆಸರು ಮ್ಯಾಟ್. ಇಬ್ಬರೂ ಮಾತಾಡುತ್ತಾ ಕೂರುತ್ತಾರೆ. ಕೊನೆಗೆ ಕಾನ್‌ಸ್ಟಂಟೈನ್ ತಾನು ಬದುಕಲು ಒಂದು ಆಟ ಹೂಡುತ್ತಾನೆ. ನರಕಕ್ಕೆ ಮೂವರು ಒಡೆಯರು. ಒಬ್ಬನಿಗೆ ಇವನ ಮೇಲೆ ಮೊದಲೇ ಹಗೆ, ಸತ್ತರೆ ಎಳೆದುಕೊಂಡು ಹೋಗಲು ಕಾದಿದ್ದಾನೆ. ಇವನು ಉಳಿದಿಬ್ಬರಿಗೆ ಬೇರೆ ಬೇರೆಯಾಗಿ, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರಿಗೆ ತನ್ನ ಆತ್ಮವನ್ನು ಬರೆದುಕೊಡುತ್ತಾನೆ. ಸಾಯುವ ಹೊತ್ತಿಗೆ ಮೂವರೂ ಬಂದು ನಿಲ್ಲುತ್ತಾರೆ. ಇವನು ಸತ್ತರೆ ಮೂವರಿಗೂ ಯುದ್ಧ. ಬೇರೆ ದಾರಿಯಿಲ್ಲದೆ ಅವರೇ ಅವನ ರೋಗ ವಾಸಿ ಮಾಡುತ್ತಾರೆ.

ನಮ್ಮವರು ಜೋರಾಗಿ ನಕ್ಕರು. ಕೆಮ್ಮು ಬಂತು, ನೀರು ಕುಡಿದು ಮತ್ತೆ ನಕ್ಕರು. ‘ಒಂದೇ ಲಾರೀನ ಮೂರು ಫೈನಾನ್ಸ್‌ಗೆ ಅಡ ಇಟ್ಟವ್ನೆ!’ ಅಂದರು. ಆ ವಾರ್ಡಿನಲ್ಲಿ ಅವರು ಹಾಗೆ ನಕ್ಕಿದ್ದು ಅದೊಂದೇ ಸಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಆ ಮುದುಕ?’

ಮುದುಕ ಉಳಿಯುವುದಿಲ್ಲ. ಮಗ ಅದನ್ನೂ ಹೇಳಿದ.

ಇದೆಲ್ಲ ನಡೆಯುವಾಗಲೇ ನಮ್ಮ ಮೈದುನ ಒಂದು ಪೇಪರ್ ತುಂಡು ತಂದುಕೊಟ್ಟ. ಬೆಂಕಿಪೊಟ್ಟಣದ ಅಗಲದ ಜಾಹೀರಾತು. ಒಬ್ಬ ಗಡ್ಡದವರ ಫೋಟೋ. ‘ಕೊಳ್ಳೇಗಾಲದ ಪ್ರಸಿದ್ಧ ಮಾಂತ್ರಿಕರು. ವಶೀಕರಣ, ಶತ್ರು ಕಾಟ, ವಾಸಿಯಾಗದ ಕಾಯಿಲೆ. ಒಂದೇ ಕರೆ, ಶಾಶ್ವತ ಪರಿಹಾರ.’ ನಾನು ಫೋನ್ ಮಾಡಿದೆ. ನಾನೇ ಮಾಡಿದೆ, ಯಾರೂ ಬಲವಂತ ಮಾಡಲಿಲ್ಲ. ಗಂಡ ಕಣ್ಣೆದುರು ಕರಗುತ್ತಿದ್ದರೆ ಮನಸ್ಸು ಎಲ್ಲಿ ಬೇಕಾದರೂ ಹೋಗುತ್ತದೆ. ಕೊಳ್ಳೇಗಾಲದ ಹೆಸರನ್ನು ಇವರೆಲ್ಲ ಸುಮ್ನೆ ಕೆಡಿಸಿದ್ದಾರೆ. ಆ ಊರು ರೇಷ್ಮೆಗೆ ಹೆಸರಾದ ಊರು, ಅಲ್ಲಿನ ಸೀರೆಗೆ ಫಾಲ್ಸ್ ಹೊಲಿದ ಕೈ ನನ್ನದು. ಅದೂ ಅಲ್ಲದೆ ಈ ಮನುಷ್ಯ ಕೊಳ್ಳೇಗಾಲದವನೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಅವನು ಮೈಸೂರಿನಲ್ಲಿ ಒಂದು ಲಾಡ್ಜ್ ರೂಮಿನಲ್ಲಿ ಕೂತಿದ್ದ. ಚಾಪೆ, ನಿಂಬೆಹಣ್ಣು, ಕುಂಕುಮ, ತಾಮ್ರದ ತಗಡು. ಇಸ್ತ್ರಿ ಮಾಡಿದ ರೇಷ್ಮೆ ಜುಬ್ಬ, ಕಾಲರಿನಲ್ಲಿ ಒಂದು ಕಲೆ ಇಲ್ಲ. ಯಾರೋ ಲಾರಿ ಸೀಟಿನ ಕೆಳಗೆ ಮಾಟ ಇಟ್ಟಿದ್ದಾರೆ ಅಂದ. ಮೊದಲು ಐದು ಸಾವಿರ. ಆಮೇಲೆ ಹದಿನಾರು ಸಾವಿರ. ನನ್ನ ಓಲೆ ಅಡ ಇಟ್ಟು ಕೊಟ್ಟೆ. ತೆಗೆಸುವ ಪೂಜೆ ಮುಗಿಯುವವರೆಗೆ ‘ಆ ಸೂಜಿ ಮದ್ದು’ ಮೈಗೆ ಹೋಗಬಾರದು ಅಂದ. ಎರಡು ಕೀಮೋ ತಪ್ಪಿಸಿದೆ. ಡಾಕ್ಟರಿಗೆ ಜ್ವರ ಅಂತ ಸುಳ್ಳು ಹೇಳಿದೆ. ಆ ಎರಡು ಕೀಮೋ ಆಗಿದ್ದರೆ ಇವರು ಉಳಿಯುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಆ ಎರಡು ತಾರೀಖು ನನಗೆ ಮರೆಯುವುದಿಲ್ಲ.

ಮೂರನೇ ಸಲ ಅವನು ಮೂವತ್ತು ಸಾವಿರ ಕೇಳಿದಾಗ ಮಗನಿಗೆ ಹೇಳದೆ ಬೇರೆ ದಾರಿ ಇರಲಿಲ್ಲ. ಅವನು ಕೂಗಾಡಲಿಲ್ಲ, ಜೊತೆಗೆ ಬಂದ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಚಾಪೆ ಮೇಲೆ ಕೂತ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ. ‘ಸ್ವಾಮಿ, ಇಷ್ಟು ದೊಡ್ಡ ಮಾಟ ತೆಗೀತೀರ. ಇದಕ್ಕೆ ನೀವೇನು ಕಳ್ಕೊಳ್ತೀರ?’ ಅವನಿಗೆ ಅರ್ಥವೇ ಆಗಲಿಲ್ಲ. ‘ನಾನ್ಯಾಕೆ ಕಳ್ಕೊಳ್ಲಿ? ಕೊಡೋರು ನೀವು’ ಅಂದ. ಮಗ ಎದ್ದು ನನ್ನ ಕೈ ಹಿಡಿದುಕೊಂಡ. ‘ನಡಿಯಮ್ಮ’ ಅಂದ. ಮಾರನೇ ದಿನ ಆಸ್ಪತ್ರೆಗೆ ಹೋಗಿ ಡಾಕ್ಟರ ಮುಂದೆ ನಿಜ ಹೇಳಿದೆ.

ರೈಲಿನಲ್ಲಿ ಬರುವಾಗ ಕೇಳಿದೆ, ಯಾಕೆ ಹಾಗೆ ಕೇಳಿದೆ ಅಂತ. ಶ್ರೀರಂಗಪಟ್ಟಣ ದಾಟಿತ್ತು, ಕಿಟಕಿ ಕಡೆ ನೋಡುತ್ತಾ ಹೇಳಿದ. ‘ಆ ಪುಸ್ತಕದಲ್ಲಿ ಸುಮ್ನೆ ಏನೂ ಸಿಗಲ್ಲಮ್ಮ. ಅವನು ಏನು ಮಾಡಿದ್ರೂ ಅವನದ್ದೇ ಏನಾದ್ರೂ ಹೋಗ್ತದೆ. ಗೆಳೆಯ ಹೋಗ್ತಾನೆ, ನಿದ್ದೆ ಹೋಗ್ತದೆ. ಈ ಮನುಷ್ಯಂದು ಏನೂ ಹೋಗಲ್ಲ, ನಮ್ದೇ ಎಲ್ಲಾ ಹೋಗೋದು. ಅದಕ್ಕೇ ಕೇಳ್ದೆ.’

ಅದನ್ನು ಓದಿದ ಹುಡುಗ ಮಾಟದ ಕಡೆ ವಾಲಲಿಲ್ಲ. ವಾಲಿದವಳು ನಾನು, ಜೀವನದಲ್ಲಿ ಅಂಥ ಪುಸ್ತಕ ಒಂದೂ ಮುಟ್ಟದವಳು. ನಾನು ಓದಿದ್ದು ಪೇಪರ್ ಜಾಹೀರಾತು. ಅದನ್ನು ನಂಬಿದ್ದೂ ಪೇಪರ್‌ನಲ್ಲಿ ಬಂದಿದೆ ಅಂತಲೇ. ಸುಳ್ಳಾಗಿದ್ದರೆ ಹಾಕುತ್ತಿದ್ದರಾ ಅಂತ ನಮ್ಮ ಅತ್ತೆಗೂ ನಾನೇ ಹೇಳಿದ್ದೆ.

ಸಂಪಾದಕರೇ, ನಿಮ್ಮ ಪುರವಣಿಯ ಲೇಖನ ಐದನೇ ಪುಟದಲ್ಲಿತ್ತು. ಅದೇ ದಿನ ಮುಖ್ಯ ಪತ್ರಿಕೆಯ ಒಂಬತ್ತನೇ ಪುಟದ ಸಣ್ಣ ಜಾಹೀರಾತುಗಳಲ್ಲಿ ಅಂಥವು ನಾಲ್ಕಿದ್ದವು. ಎರಡು ಸಲ ಎಣಿಸಿದೆ. ಒಂದರಲ್ಲಿ ‘ದೀರ್ಘ ಕಾಯಿಲೆಗೆ ಮಂತ್ರ ಚಿಕಿತ್ಸೆ’ ಅಂತಲೇ ಇತ್ತು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಅಂತ 1954ರಿಂದ ಒಂದು ಕಾನೂನಿದೆ. ತಾಯತ, ಮಂತ್ರ, ಕವಚದಿಂದ ರೋಗ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವಂತಿಲ್ಲ. ಆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಕ್ಯಾನ್ಸರ್ ಇದೆ. ಮಗ ತೆಗೆದು ತೋರಿಸಿದ, ನಾನೇ ಓದಿದೆ. ನಮ್ಮ ರಾಜ್ಯದ್ದೇ ಮಾಟ ಮಂತ್ರ ತಡೆ ಕಾಯ್ದೆ 2017ರಲ್ಲಿ ಸದನದಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು. ಅಷ್ಟು ಹೊತ್ತಿಗೆ ನಮ್ಮವರು ಹೋಗಿ ಆರು ತಿಂಗಳು ಆಗಿತ್ತು.

ಕಾನ್‌ಸ್ಟಂಟೈನ್ ಬಗ್ಗೆ ಇನ್ನೊಂದು ಲೇಖನ ಹಾಕಿ ಅಂತ ನಾನು ಕೇಳುತ್ತಿಲ್ಲ. ಹಾಕಿದರೆ ಸಂತೋಷ, ಓದಿದವರ ಕೈಲಿ ಬರೆಸಿ. ನಾನು ಕೇಳುವುದು ಒಂಬತ್ತನೇ ಪುಟದ ಆ ನಾಲ್ಕು ಚೌಕವನ್ನು ನಿಲ್ಲಿಸಿ ಅಂತ. ಪೇಪರ್ ನಡೆಸಲು ಜಾಹೀರಾತು ಬೇಕು ಅಂತ ಗೊತ್ತು. ನನಗೂ ಅಂಗಡಿ ಬಾಡಿಗೆ ಕಟ್ಟುವುದಿದೆ. ಆ ಜಾಗಕ್ಕೆ ಮಂಡ್ಯದ ದರ್ಜಿಗಳ ಜಾಹೀರಾತು ಬೇಕಾದರೆ ನಾಲ್ಕು ಜನರನ್ನು ನಾನೇ ಒಪ್ಪಿಸಿ ಕಳಿಸುತ್ತೇನೆ, ದುಡ್ಡು ಕೊಟ್ಟೇ.

2018ರಲ್ಲಿ ಮೈದುನ ತಂದುಕೊಟ್ಟ ಆ ಪೇಪರ್ ತುಂಡು ನನ್ನ ಮೆಷಿನ್ ಡ್ರಾಯರಿನಲ್ಲಿ ಗುಂಡಿ ಡಬ್ಬಿಯ ಕೆಳಗೆ ಇಷ್ಟು ವರ್ಷ ಇತ್ತು. ಈ ಪತ್ರದ ಜೊತೆ ಪಿನ್ ಮಾಡಿದ್ದೇನೆ. ಹಿಂದಿನ ಪುಟದಲ್ಲಿ ನಿಮ್ಮ ಪತ್ರಿಕೆಯ ಹೆಸರು ಅರ್ಧ ಉಳಿದಿದೆ, ನೋಡಿ. ವಾಪಸ್ ಕಳಿಸುವುದು ಬೇಡ.

ನನ್ನ ಹೆಸರು ಹಾಕಬೇಡಿ, ಮಗನಿಗೆ ಹೆಣ್ಣು ನೋಡುತ್ತಿದ್ದೇವೆ. ಉಳಿದದ್ದು ಹಾಕಿ.

— ಒಬ್ಬ ದರ್ಜಿ, ಗುತ್ತಲು ರಸ್ತೆ, ಮಂಡ್ಯ